ನಿಂತು ನಿಂತು ಹೋಗುವ ಗಾಡಿ

(ಸಂಘದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ಸಾಹಿತಿಗಳು ನಿಂತು ಮಾತನಾಡಿದ್ದಾರೆ, ಸಂಗೀತಗಾರರು ಕುಳಿತು ಹಾಡಿದ್ದಾರೆ. ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ದಿನವಿಡೀ ಅನ್ಯರ ಹಣ ಎಣಿಸತಕ್ಕ ನಮ್ಮಂಥವರನ್ನು ಇಲ್ಲಿಗೆ ಕರೆದಿರುವುದಕ್ಕೆ ಕಾರಣ ಒಂದೇ: ನಮ್ಮ ಹಳೆಯ ಬೊಲೆರೊ ಗಾಡಿ. ಅದರೊಳಗೆ ಹಾಸಿಗೆ ಹಾಕಿ, ನಮ್ಮ ತಾಯಿಯವರನ್ನು ಕೂರಿಸಿಕೊಂಡು ಊರಿಗೆ ಹೋಗಿ ಬಂದ ಸುದ್ದಿ ಹೇಗೋ ಕಾರ್ಯದರ್ಶಿಗಳ ಕಿವಿಗೆ ಬಿತ್ತು. "ಅದನ್ನೇ ಹೇಳಿರಿ, ನಾಲ್ಕು ಜನಕ್ಕೆ ಉಪಯೋಗವಾದೀತು" ಎಂದು ಅವರು ಪಟ್ಟು ಹಿಡಿದರು. ಹಾಗಾಗಿ ತಮ್ಮ ಮುಂದೆ ನಿಂತಿದ್ದೇವೆ.

ಮೊದಲೇ ಒಂದು ಅರಿಕೆ. ಈ ಮಾತಿನುದ್ದಕ್ಕೂ "ನಾವು" ಎನ್ನುತ್ತೇವೆ. ಅದು ದೊಡ್ಡಸ್ತಿಕೆಯಿಂದಲ್ಲ. ಅಳತೆ ತೆಗೆದವರು ನಮ್ಮ ಮನೆಯವರು, ಟೇಪಿನ ತುದಿ ಹಿಡಿದವಳು ನಾಲ್ಕನೆಯ ಇಯತ್ತೆಯ ಮಗಳು, ಲೆಕ್ಕ ಬರೆದವರು ಮಾತ್ರ ಇಲ್ಲಿ ನಿಂತಿದ್ದಾರೆ. ಎಲ್ಲವನ್ನೂ ಒಬ್ಬರೇ ಮಾಡಿದಂತೆ ಹೇಳಿಕೊಂಡರೆ ಈ ರಾತ್ರಿ ಮನೆಗೆ ಹೋಗುವುದು ಕಷ್ಟ.

ಪುಣೆಯಲ್ಲಿರುವ ನಮ್ಮ ಜನ ಊರಿಗೆ ಹೋಗುವ ರೀತಿ ತಮಗೆಲ್ಲ ಗೊತ್ತೇ ಇದೆ. ಸ್ವಾರಗೇಟಿನಲ್ಲೋ ಕಾತ್ರಜಿನಲ್ಲೋ ರಾತ್ರಿಯ ಬಸ್ಸು ಹತ್ತಿ ಮುಸುಕೆಳೆದು ಮಲಗಿದರೆ, ಕಣ್ಣು ತೆರೆಯುವುದು ಹುಬ್ಬಳ್ಳಿಯಲ್ಲಿ. ನಡುವೆ ನಾಲ್ಕುನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ ಇದೆಯೆಂಬುದು ಟಿಕೆಟ್ಟಿನ ದರದಿಂದಷ್ಟೇ ತಿಳಿಯುತ್ತದೆ. ರಜೆ ನಾಲ್ಕು ದಿನ. ಅದರಲ್ಲಿ ದಾರಿಗೆ ಒಂದು ಗಂಟೆಯನ್ನೂ ಕೊಡಲು ಮನಸ್ಸು ಬಾರದು. ನಾವೂ ಹದಿನೈದು ವರ್ಷ ಹಾಗೆಯೇ ಹೋಗಿ ಬಂದೆವು.

ಆದರೆ ನಮ್ಮ ತಾಯಿಯವರಿಗೆ ಬಸ್ಸು ನಿಂತುಹೋಯಿತು. ಅವರಿಗೆ ಈಗ ಎಪ್ಪತ್ತು. ಸೊಂಟದ ನೋವು ಹಳೆಯದು. ಬರಬರುತ್ತ ಅದು ಕಾಲಿಗೂ ಇಳಿಯಿತು. ಒಮ್ಮೆಗೇ ಒಂದೂವರೆ ಗಂಟೆಗಿಂತ ಹೆಚ್ಚು ಕೂರಕೂಡದು, ಆಮೇಲೆ ಇಪ್ಪತ್ತು ನಿಮಿಷ ಸಪಾಟಾಗಿ ಮಲಗಬೇಕು ಎಂದು ಡಾಕ್ಟರು ಹೇಳಿದರು. ಮಲಗುವ ಬಸ್ಸಿಲ್ಲವೆ ಎಂದು ತಾವು ಕೇಳಬಹುದು. ಇದೆ; ಆದರೆ ಅದರ ಏಣಿ ಹತ್ತುವುದು ಅವರಿಂದಾಗದು, ಕೆಳಗಿನ ಹಾಸಿಗೆ ಸಿಕ್ಕರೂ ಬೇಕೆಂದಾಗ ಬಸ್ಸು ನಿಲ್ಲದು. ರೈಲಿಗೆ ನಿಲ್ದಾಣದ ಮೆಟ್ಟಿಲು, ಇಳಿದ ಮೇಲೆ ಹಾನಗಲ್ಲ ತಾಲೂಕಿನ ನಮ್ಮ ಹಳ್ಳಿಯವರೆಗೆ ಮತ್ತೆರಡು ಬಸ್ಸು. ಹೀಗಾಗಿ ನಾಲ್ಕು ವರ್ಷ ಅವರು ಊರನ್ನು ಕಾಣಲಿಲ್ಲ. ಊರಿನಲ್ಲಿ ಅವರ ಅಕ್ಕ, ನಮ್ಮ ದೊಡ್ಡವ್ವ. ಆಕೆಗೆ ಎಂಬತ್ತು ದಾಟಿತ್ತು. ಮನೆಯಿಂದ ಹಿತ್ತಲಿಗೆ ಹೋಗುವುದೇ ಒಂದು ಪ್ರಯಾಣ. ಪ್ರತಿ ಭಾನುವಾರ ಫೋನಿನಲ್ಲಿ ಅಕ್ಕ ತಂಗಿಯರ ಮಾತು ಮುಗಿಯುತ್ತಿದ್ದುದು ಒಂದೇ ವಾಕ್ಯದಿಂದ: "ಒಮ್ಮೆ ಬಂದ ಹೋಗ." ತಾಯಿಯವರು "ಹೂಂ" ಎಂದು ಫೋನನ್ನು ಕೆಳಗಿಡುವರು. ಆ "ಹೂಂ" ಕೇಳಿ ಕೇಳಿ ನಮಗೆ ಸಾಕಾಯಿತು.

ಮನೆಯೊಳಗೊಂದು ಏಳು ಆಸನದ ಗಾಡಿ ಇತ್ತು. ಕೈಯಿಂದ ಕೈಗೆ ಬಂದದ್ದು, ಆದರೆ ಎಂಜಿನ್ನು ಗಟ್ಟಿ. ಇದರಲ್ಲಿಯೇ ಹಾಸಿಗೆ ಮಾಡಿದರೆ ಹೇಗೆ ಎಂಬ ವಿಚಾರ ಹುಟ್ಟಿತು. ವಿಚಾರ ಹುಟ್ಟುವುದು ಸುಲಭ. ಗುಮಾಸ್ತನಾದವನು ಮೊದಲು ನೋಡತಕ್ಕದ್ದು ಕಾಯಿದೆಯನ್ನು.

ಮೋಟಾರು ವಾಹನಗಳ ಕಾಯಿದೆ 1988ರದು. ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಾಯಿಸಕೂಡದು ಎಂದು ಅದರ 52ನೆಯ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಬಿಗಿಯಾಗಿ ಎತ್ತಿಹಿಡಿಯಿತು. ಆದುದರಿಂದ ಆಸನಗಳನ್ನು ಕಿತ್ತು ಬಿಸಾಡುವುದು, ಮಾಡನ್ನು ಎತ್ತರಿಸುವುದು, ಮೈಯನ್ನು ಕೊರೆದು ಕಿಟಕಿ ಇಡುವುದು, ಇವೆಲ್ಲ ನಮ್ಮಂಥವರ ಪಾಲಿಗಲ್ಲ. ವಿಮೆಯವರೂ ತಮಗೆ ತಿಳಿಸದೆ ಮಾಡಿದ ಬದಲಾವಣೆಯನ್ನು ಮುಂದೆ ಮಾಡಿ ಪರಿಹಾರವನ್ನು ನಿರಾಕರಿಸಬಹುದು. ಕಪ್ಪು ಫಿಲ್ಮಿನ ಗಾಜಂತೂ 2012ರಲ್ಲೇ ನಿಷಿದ್ಧವಾಯಿತು. ಹಾಗಾದರೆ ಏನು ಉಳಿಯಿತು? ಸಾಮಾನು ಉಳಿಯಿತು. ಗಾಡಿಯನ್ನು ಮುಟ್ಟದೆ, ಒಳಗಿಟ್ಟು ಪಟ್ಟಿಯಿಂದ ಬಿಗಿದು, ಊರಿನಿಂದ ಬಂದ ಮೇಲೆ ಅರ್ಧ ಗಂಟೆಯಲ್ಲಿ ಹೊರತೆಗೆಯಬಹುದಾದ ಸಾಮಾನು. ನಮ್ಮ ಹಾಸಿಗೆ ಆ ಜಾತಿಯದಾಗಬೇಕೆಂದು ನಿಶ್ಚಯಿಸಿದೆವು.

ನಿಶ್ಚಯವೇನೋ ಒಳ್ಳೆಯದೇ. ಆದರೆ ಮೊದಲ ಸಲ ಆಸೆ ನಮ್ಮನ್ನು ಕೆಡಿಸಿತು. ಬಡಗಿಯೊಬ್ಬರನ್ನು ಕರೆಸಿ, 18 ಮಿಲಿಮೀಟರ್ ಪ್ಲೈವುಡ್ಡಿನ ಮೂರು ಹಾಳೆ ತರಿಸಿ, ಮಂಚ, ಮಂಚದಡಿಗೆ ಎಳೆಗೂಡು, ಪಕ್ಕದಲ್ಲಿ ಬಾಗಿಲಿನ ಕಪಾಟು, ಅಡಿಗೆಗೆ ಕಟ್ಟೆ, ಎಲ್ಲವನ್ನೂ ಮಾಡಿಸಿದೆವು. ನೆರೆಹೊರೆಯವರು ಪಾರ್ಕಿಂಗಿನಲ್ಲಿ ನೆರೆದು ಹೊಗಳಿದರು. ತಾಯಿಯವರು ಒಮ್ಮೆ ಬಗ್ಗಿ ನೋಡಿ, "ಇದು ಗಾಡಿನೋ, ಕಪಾಟೋ?" ಎಂದರು. ನಮಗೆ ಸಿಟ್ಟು ಬಂತು. ಅವರು ಹೇಳಿದ್ದೇ ನಿಜವೆಂಬುದು ಮರುವಾರ ತಿಳಿಯಿತು.

ಪರೀಕ್ಷೆಗೆಂದು ನಾವಿಬ್ಬರೇ ಸಾತಾರೆಯವರೆಗೆ ಹೊರಟೆವು. ಖಂಬಾಟಕಿ ಘಾಟಿನಲ್ಲಿ ಮುಂದಿನ ಲಾರಿ ತಟ್ಟನೆ ನಿಂತಿತು; ನಾವೂ ಬ್ರೇಕು ಒತ್ತಿದೆವು. ಗಾಡಿ ನಾವು ಎಣಿಸಿದ್ದಕ್ಕಿಂತ ದೂರ ಹೋಗಿ ನಿಂತಿತು. ಅದೇ ಕ್ಷಣದಲ್ಲಿ ಕಪಾಟಿನ ಬಾಗಿಲು ತೆರೆದು, ಒಳಗಿದ್ದ ಕುಕ್ಕರು ನಡುವಿನ ಆಸನವನ್ನು ಹಾರಿ ಬಂದು ಮುಂದಿನ ಆಸನದ ಬೆನ್ನಿಗೆ ಬಡಿಯಿತು. ನಡುವಿನ ಆಸನ ಎಂದರೆ ತಾಯಿಯವರೂ ಮಗಳೂ ಕೂರಬೇಕಾದ ಜಾಗ. ಬಹಳ ಹೊತ್ತು ಇಬ್ಬರಿಗೂ ಮಾತೇ ಹೊರಡಲಿಲ್ಲ. ಆಮೇಲೆ ಲೆಕ್ಕ ಮಾಡಿ ನೋಡಿದೆವು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ಗಾಡಿಯೊಳಗಿನ ಪ್ರತಿಯೊಂದು ವಸ್ತುವಿಗೂ ಅದೇ ವೇಗವಿರುತ್ತದೆ. ಸುಮಾರು 14 ಮೀಟರ್ ಎತ್ತರದಿಂದ, ಎಂದರೆ ನಾಲ್ಕು ಅಂತಸ್ತಿನ ಮೇಲಿನಿಂದ, ಬಿದ್ದ ವಸ್ತು ನೆಲ ಮುಟ್ಟುವಾಗ ಇರುವ ವೇಗ ಅದು. ಗಾಡಿ ಢಿಕ್ಕಿ ಹೊಡೆದು ನಿಂತರೂ ಕುಕ್ಕರು ನಿಲ್ಲುವುದಿಲ್ಲ.

ಹಿಂದಿರುಗುವಾಗ ಲಾರಿ ತೂಗುವ ಕಾಟಾದ ಮೇಲೆ ಗಾಡಿಯನ್ನು ನಿಲ್ಲಿಸಿದೆವು. ಮನೆಗೆ ಬಂದು ಎಲ್ಲವನ್ನೂ ಇಳಿಸಿ ಮತ್ತೊಮ್ಮೆ ತೂಗಿಸಿದೆವು. ವ್ಯತ್ಯಾಸ 190 ಕೆ.ಜಿ. ಬಡಗಿಯ ಕೆಲಸವೇ 118, ನೀರಿನ ಡ್ರಮ್ಮು 41, ಗ್ಯಾಸಿನ ಸಣ್ಣ ಸಿಲಿಂಡರು 11, ಪಾತ್ರೆ ಪಗಡಿ 20. ಮೂವರು ಪ್ರಯಾಣಿಕರಷ್ಟು ಭಾರವನ್ನು ಟಿಕೆಟ್ಟಿಲ್ಲದೆ ಹೊತ್ತು ತಿರುಗುತ್ತಿದ್ದೆವು. ನೋಂದಣಿ ಪತ್ರದಲ್ಲಿ ಆಸನಗಳ ಸಂಖ್ಯೆಯೂ ತೂಕವೂ ನಮೂದಾಗಿರುವುದು ಏತಕ್ಕೆಂದು ಅಂದು ಅರಿವಾಯಿತು.

ಬಿ.ಕಾಂ. ಓದಿದವರಿಗೆ ಜಮಾ ಖರ್ಚು ಬಿಟ್ಟರೆ ಬೇರೆ ವಿದ್ಯೆ ಗೊತ್ತಿಲ್ಲ. ಅಂದೇ ಒಂದು ಹೊಸ ಪುಸ್ತಕ ತೆರೆದೆವು. ಎಡಗಡೆ ವಸ್ತು, ಬಲಗಡೆ ತೂಕ, ಕೊನೆಯ ಅಂಕಣದಲ್ಲಿ ಒಂದೇ ಪ್ರಶ್ನೆ: ಇದು ತಾಯಿಯವರ ಸೊಂಟಕ್ಕೆ ಬೇಕೆ? ಉತ್ತರ "ಇಲ್ಲ" ಎಂದಾದರೆ ಅದಕ್ಕೆ ಕೆಂಪು ಗೆರೆ. ಎಳೆಗೂಡು ಹೋಯಿತು, ಕಪಾಟು ಹೋಯಿತು, ಕಟ್ಟೆ ಹೋಯಿತು. ಖರ್ಚಾದ ಹಣವನ್ನು ಕಲಿಕೆಯ ಶುಲ್ಕವೆಂದು ಬರೆದುಕೊಂಡೆವು.

ಎರಡನೆಯ ಹಾಸಿಗೆಗೆ 12 ಮಿಲಿಮೀಟರಿನ ಪ್ಲೈವುಡ್ಡು ಒಂದೇ ಹಾಳೆ ಸಾಕಾಯಿತು. ಎಂಟಡಿ ನಾಲ್ಕಡಿಯ ಅಂಥ ಹಾಳೆ ಸುಮಾರು 21 ಕೆ.ಜಿ. ತೂಗುತ್ತದೆ. ಅದನ್ನು ಕತ್ತರಿಸುವ ಮೊದಲು ಹಳೆಯ ರಟ್ಟಿನ ಡಬ್ಬಿಗಳನ್ನು ಬಿಚ್ಚಿ ಅಂಟಿಸಿ, ಗಾಡಿಯೊಳಗೆ ಹಾಸಿ, ಒಂದು ಭಾನುವಾರ ಮಲಗಿ ನೋಡಿದೆವು. ಕಾವಲುಗಾರರು ಬಗ್ಗಿ "ಕಾಯ್ ಝಾಲಂ ಸಾಹೇಬ್?" ಎಂದು ಗಾಬರಿಯಿಂದ ಕೇಳಿದರು. ರಟ್ಟಿನ ಈ ಪ್ರಯೋಗವನ್ನು ಯಾರೂ ಬಿಡಬಾರದು. ಟೇಪಿಗೆ ಕಾಣದ ಚಕ್ರದ ಉಬ್ಬು, ಬೆಲ್ಟಿನ ಕೊಂಡಿ ಬೆನ್ನಿಗೆ ಕಾಣುತ್ತವೆ.

ಕೊನೆಗೆ ನಿಂತ ಅಳತೆ, ಉದ್ದ 5 ಅಡಿ 8 ಅಂಗುಲ, ಅಗಲ 3 ಅಡಿ 10 ಅಂಗುಲ. ಹಲಗೆ ಎರಡು ತುಂಡು, ನಡುವೆ ಬಿಜಾಗರಿ. ಹಿಂದಿನ ಎರಡು ಎದುರುಬದುರು ಆಸನಗಳು ಇದ್ದಲ್ಲಿಯೇ ಇವೆ. ಅವುಗಳ ನಡುವಿನ ಓಣಿಯಲ್ಲಿ ಕಾಲೂರಿ, ಒಂದಂಗುಲದ ಚೌಕ ಕೊಳವೆಯ ಕಬ್ಬಿಣದ ಚೌಕಟ್ಟು ನಿಂತಿದೆ. ಲಾರಿಯವರು ಸರಕು ಬಿಗಿಯುವ ಪಟ್ಟಿಯಿಂದ ಅದನ್ನು ಆಸನದ ಬುಡಗಳಿಗೆ ಬಿಗಿಯುತ್ತೇವೆ. ಗಾಡಿ ಓಡುವಾಗ ಮುಂದಿನ ತುಂಡು ಹಿಂದಿನ ತುಂಡಿನ ಮೇಲೆ ಮಡಿಚಿಕೊಂಡಿರುತ್ತದೆ, ಅದರ ಮೇಲೊಂದು ಪಟ್ಟಿ. ಗಾಡಿ ನಿಂತ ಮೇಲೆ ನಡುವಿನ ಆಸನದ ಬೆನ್ನನ್ನು ಮಡಿಚಿ, ಹಲಗೆಯನ್ನು ಮುಂದಕ್ಕೆ ತೆರೆದರೆ ಹಾಸಿಗೆ ಸಿದ್ಧ. ಮೂರು ನಿಮಿಷದ ಕೆಲಸ. ಮೇಲೆ ಎರಡಂಗುಲದ ಗಟ್ಟಿ ಫೋಮು. ಅದರ ಮೇಲೆ ನೆಟ್ಟಗೆ ಕೂರಲು ತಲೆಗೆ ಮಾಡು ತಾಗುತ್ತದೆ. ಮಲಗಲು ಮಾತ್ರ ಯೋಗ್ಯ. ಉಳಿದ ಪ್ಲೈವುಡ್ಡಿನ ತುಂಡಿನಲ್ಲಿ ಹಿಂಬಾಗಿಲಿಗೆ ಒಂದು ಮೆಟ್ಟಿಲ ಮಣೆ ಮಾಡಿದೆವು. ತಾಯಿಯವರು ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದು ಆ ಮಣೆಯನ್ನು.

ಓಡುವ ಗಾಡಿಯಲ್ಲಿ ಯಾರೂ ಮಲಗಕೂಡದು ಎಂಬುದು ನಮ್ಮ ಮನೆಯ ಶಾಸನ. ಎಲ್ಲರೂ ಆಸನದಲ್ಲಿ ಕುಳಿತು ಬೆಲ್ಟು ಕಟ್ಟಬೇಕು. ಕುಕ್ಕರಿನ ಕಥೆ ಮನುಷ್ಯರಿಗೂ ಅನ್ವಯಿಸುತ್ತದೆ. ಇದನ್ನು ಹೇಳಿದಾಗ ತಾಯಿಯವರು ಕೇಳಿದರು: "ಅಲ್ಲೋ ತಮ್ಮಾ, ಕುಂತ ಹೋಗಾಕ ಆಗೂದಿಲ್ಲ, ಮಲಗಿ ಹೋಗಾಕ ನೀ ಬಿಡೂದಿಲ್ಲ. ಮತ್ತ ಈ ಹಾಸಿಗಿ ಯಾಕ?" "ನಿಂತ ನಿಂತ ಹೋಗಾಕ, ಅವ್ವ" ಎಂದೆವು. ನಮ್ಮ ಗಾಡಿಯ ಮರ್ಮವೆಲ್ಲ ಆ ಉತ್ತರದಲ್ಲಿದೆ.

ಇನ್ನು ವಿದ್ಯುತ್ತಿನ ವಿಷಯ. ಗಾಡಿಯ ಬ್ಯಾಟರಿಯಿಂದ ರಾತ್ರಿಯಿಡೀ ಫ್ಯಾನು ತಿರುಗಿಸಿದರೆ ಬೆಳಿಗ್ಗೆ ಎಂಜಿನ್ನು ಎಚ್ಚರಗೊಳ್ಳದೆ ಹೋಗಬಹುದು. ಬೇರೆಯದೇ ಒಂದು ಸಣ್ಣ ಬ್ಯಾಟರಿ ಬೇಕು. 15 ವ್ಯಾಟಿನ ಫ್ಯಾನು ಎಂಟು ಗಂಟೆಗೆ 120 ವ್ಯಾಟ್-ಗಂಟೆ, ದೀಪಕ್ಕೆ 20, ಫೋನುಗಳಿಗೆ 30. ಒಂದು ರಾತ್ರಿಗೆ 170. ನಾವು ಕೊಂಡದ್ದು 12.8 ವೋಲ್ಟು, 50 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಎಂದರೆ 640 ವ್ಯಾಟ್-ಗಂಟೆ. ಪೂರ್ತಿ ಬರಿದು ಮಾಡದೆ ಮೂರು ರಾತ್ರಿ ಬರುತ್ತದೆ. ಮನೆಯಲ್ಲಿಯೇ ತುಂಬಿಸಿ ಒಯ್ಯುತ್ತೇವೆ. ಗಾಡಿಯ ತಂತಿಗೆ ಕೈ ಹಚ್ಚಿಲ್ಲ. ಬ್ಯಾಟರಿಯ ಬಾಯಲ್ಲೇ ಒಂದು ಫ್ಯೂಸು ಇರಲೇಬೇಕು.

ಗಾಳಿಯ ಮಾತು ಇದಕ್ಕಿಂತ ಮುಖ್ಯ. ಗಾಜನ್ನೆಲ್ಲ ಏರಿಸಿ, ಎಂಜಿನ್ನು ಬಿಟ್ಟುಕೊಂಡು, ಎ.ಸಿ. ಹಾಕಿ ಮಲಗುವವರುಂಟು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳದೆ ಹೋದ ಉದಾಹರಣೆಗಳಿವೆ. ಎಂಜಿನ್ನು ನಿಲ್ಲಿಸತಕ್ಕದ್ದು, ಎರಡು ಬದಿಯ ಗಾಜನ್ನು ಎರಡಂಗುಲ ಇಳಿಸತಕ್ಕದ್ದು. ಇಳಿಸದಿದ್ದರೆ ಉಸಿರಿನ ತೇವಕ್ಕೆ ಬೆಳಗಾಗುವಷ್ಟರಲ್ಲಿ ಗಾಜೆಲ್ಲ ಬೆವರಿರುತ್ತದೆ. ಕಿಟಕಿಗೆ ಅಳತೆಯ ಸೊಳ್ಳೆಪರದೆಯನ್ನು ನಮ್ಮ ಮನೆಯವರು ಹೊಲಿದರು. ಬಟ್ಟೆಯ ಪರದೆಯೂ ಇದೆ; ಆದರೆ ಗಾಡಿ ಹೊರಡುವ ಮುನ್ನ ಎಲ್ಲವನ್ನೂ ಬಿಚ್ಚಿಡುತ್ತೇವೆ.

ಗ್ಯಾಸನ್ನು ಬಿಟ್ಟದ್ದು ಹೇಗೆ? ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಗಾಡಿಯ ತಳದಲ್ಲಿ, ಹಾಸಿಗೆಯ ಕೆಳಗೆ ಹೋಗಿ ನಿಲ್ಲುತ್ತದೆ. ಈ ಶಂಕೆಯನ್ನು ತಾಯಿಯವರ ಮುಂದೆ ಇಟ್ಟಾಗ ಅವರು ನಕ್ಕುಬಿಟ್ಟರು. ಚಕ್ಕಡಿಯಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಹೋಗುತ್ತಿದ್ದವರು ಒಲೆ ಒಯ್ಯುತ್ತಿದ್ದರೆ? ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಹಿಂಡಿ, ಮೊಸರು ಕಲಸಿದ ಬುತ್ತಿ: ನಮ್ಮ ಉತ್ತರ ಕರ್ನಾಟಕದವರಿಗೆ ಪ್ರಯಾಣದ ಅಡಿಗೆ ಕಲಿಸಲು ಯಾರೂ ಬೇಕಿಲ್ಲ. ಸಿಲಿಂಡರು, ಒಲೆ, ಕುಕ್ಕರು ಮೂರಕ್ಕೂ ಕೆಂಪು ಗೆರೆ ಬಿತ್ತು. ಬಿಸಿನೀರಿಗೆ ಒಂದು ಥರ್ಮಾಸು.

ಪುಸ್ತಕವನ್ನು ಕೂಡಿಸಿದಾಗ: ಹಲಗೆ 14, ಚೌಕಟ್ಟು 11, ಹಾಸಿಗೆ 9, ನೀರು ಕ್ಯಾನಿನೊಡನೆ 21, ಬ್ಯಾಟರಿ ಫ್ಯಾನು 7, ಬುತ್ತಿ ಪಾತ್ರೆ 8. ಒಟ್ಟು 70 ಕೆ.ಜಿ. ಸಣ್ಣ ಸಾಮಾನೆಲ್ಲ ಮುಚ್ಚಳದ ಡಬ್ಬಿಯಲ್ಲಿ, ಹಲಗೆಯ ಕೆಳಗೆ, ಪಟ್ಟಿಯ ಬಿಗಿತದಲ್ಲಿ. ಮತ್ತೆ ಖಂಬಾಟಕಿಗೆ ಹೋಗಿ ಬಂದೆವು. ಒಂದು ಚಮಚವೂ ಸದ್ದು ಮಾಡಲಿಲ್ಲ.

ಎರಡು ವರ್ಷದ ಹಿಂದೆ, ದಸರೆಯ ರಜೆಯಲ್ಲಿ, ಬೆಳಗಿನ ಐದಕ್ಕೆ ತಾಯಿಯವರನ್ನು ಕೂರಿಸಿಕೊಂಡು ಹೊರಟೆವು. ಒಂದೂವರೆ ಗಂಟೆಗೊಮ್ಮೆ ನಿಲುಗಡೆ. ಸಾತಾರೆಯ ಆಚೆ ಒಂದು ಆಲದ ನೆರಳು, ಕೊಲ್ಲಾಪುರದ ಹೊರಗೆ ಒಂದು ಪೆಟ್ರೋಲ್ ಬಂಕು. ತಾಯಿಯವರು ಇಪ್ಪತ್ತು ನಿಮಿಷ ಮಲಗುವರು, ನಾವು ಕಾಲು ಬಿಡಿಸಿಕೊಳ್ಳುವೆವು. ಕೊಗನೊಳಿಯ ಟೋಲು ದಾಟಿ ನಿಪ್ಪಾಣಿ ಹತ್ತಿರವಾದಾಗ ಮಗಳು ಅಂಗಡಿಯ ಫಲಕಗಳನ್ನು ಜೋರಾಗಿ ಓದತೊಡಗಿದಳು. ಇಲ್ಲಿ ಸಂಘದ ಭಾನುವಾರದ ತರಗತಿಯಲ್ಲಿ ಕಲಿತ ಅಕ್ಷರ ಅದು. ಪುಸ್ತಕದ ಹೊರಗೆ, ಹಗಲು ಹೊತ್ತಿನಲ್ಲಿ, ರಸ್ತೆಯ ಉದ್ದಕ್ಕೂ ಕನ್ನಡವನ್ನು ಅವಳು ಕಂಡದ್ದು ಅದೇ ಮೊದಲು. ಹುಟ್ಟಿದಾಗಿನಿಂದ ಅವಳು ಆ ಗಡಿಯನ್ನು ದಾಟಿದ್ದೆಲ್ಲ ನಿದ್ದೆಯಲ್ಲಿ.

ಸಂಜೆ ಐದರ ನಿಲುಗಡೆ ಕಿತ್ತೂರಿಗೆ ಬಿತ್ತು. ಹೆದ್ದಾರಿಯಿಂದ ಊರು ಸಮೀಪವೇ. ಕೋಟೆಯ ಹೊರಗೆ ಗಾಡಿ ನಿಲ್ಲಿಸಿ, ತಾಯಿಯವರು ಮಲಗಿ ಎದ್ದ ಮೇಲೆ, ನಿಧಾನವಾಗಿ ಒಳಗೆ ನಡೆದೆವು. 1824ರ ಅಕ್ಟೋಬರಿನಲ್ಲಿ ರಾಣಿ ಚೆನ್ನಮ್ಮನ ಸೇನೆ ಕಂಪನಿ ಸರಕಾರದ ದಂಡನ್ನು ಎದುರಿಸಿದ, ಕಲೆಕ್ಟರ್ ಥ್ಯಾಕರೆ ಮಡಿದ ನೆಲ ಅದು. ಮುರಿದ ಅರಮನೆಯ ಕಟ್ಟೆಯ ಮೇಲೆ ಕುಳಿತು ತಾಯಿಯವರು ಮೊಮ್ಮಗಳಿಗೆ ಕಥೆ ಹೇಳಿದರು. ಹೇಳಿ ಮುಗಿಸಿ, ಸ್ವಲ್ಪ ಸುಮ್ಮನಿದ್ದು, "ನಿಮ್ಮಪ್ಪನ ಜೋಡಿ ಈ ದಾರಿ ಎಷ್ಟ ಸರ್ತಿ ದಾಟೇನಿ. ಎಲ್ಲಾ ನಿದ್ದಿಯೊಳಗ" ಎಂದರು.

ರಾತ್ರಿ ಧಾರವಾಡದ ಹತ್ತಿರ, ಹಗಲಿರುಳು ತೆರೆದಿರುವ ಒಂದು ಪೆಟ್ರೋಲ್ ಬಂಕಿನ ಅಂಗಳದಲ್ಲಿ ಅಪ್ಪಣೆ ಕೇಳಿ ನಿಲ್ಲಿಸಿದೆವು. ದೀಪವಿರಬೇಕು, ಜನರಿರಬೇಕು, ಶೌಚಾಲಯವಿರಬೇಕು. ಕೇಳದೆ ಎಲ್ಲಿಯೂ ನಿಲ್ಲಿಸಬಾರದು, ಹೆದ್ದಾರಿಯ ಅಂಚಿನಲ್ಲಂತೂ ಖಂಡಿತ ಕೂಡದು. ಹಲಗೆಯ ಮೇಲೆ ತಾಯಿಯವರು, ಸೊಸೆ, ಮೊಮ್ಮಗಳು. ಗಾಡಿ ನಡೆಸುವವರಿಗೆ ಮುಂದಿನ ಆಸನವೇ ಗತಿ. ಮರುದಿನ ಹುಬ್ಬಳ್ಳಿ, ಶಿಗ್ಗಾಂವಿ, ಬಂಕಾಪುರ ದಾಟಿ ಹತ್ತು ಗಂಟೆಗೆ ಹಳ್ಳಿ ಸೇರಿದೆವು.

ದೊಡ್ಡವ್ವ ಪಡಸಾಲೆಯ ಕಂಬಕ್ಕೆ ಆತು ಕುಳಿತಿದ್ದಳು. ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿ, "ಹ್ಯಾಂಗ ಬಂದೆವ್ವಾ?" ಎಂದಳು.

"ನಿಂತ ನಿಂತ ಬಂದೆ" ಎಂದರು ನಮ್ಮ ತಾಯಿಯವರು.

ಮೂರು ದಿನ ಅಕ್ಕ ತಂಗಿಯರು ಪಡಸಾಲೆ ಬಿಟ್ಟು ಕದಲಲಿಲ್ಲ. ಏನು ಮಾತಾಡಿದರೋ ನಾವು ಕೇಳಲಿಲ್ಲ. ಬಹಳ ಹೊತ್ತು ಇಬ್ಬರೂ ಸುಮ್ಮನೆ ಕುಳಿತಿರುತ್ತಿದ್ದುದನ್ನು ಮಾತ್ರ ಕಂಡೆವು. ಮುಂದಿನ ಯುಗಾದಿಯ ಹೊತ್ತಿಗೆ ದೊಡ್ಡವ್ವ ಇರಲಿಲ್ಲ. ಸುದ್ದಿ ಬಂದ ದಿನ ತಾಯಿಯವರು ಅತ್ತರು. ಆದರೆ "ಹೋಗಲಿಲ್ಲ" ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ನಮ್ಮ 70 ಕೆ.ಜಿ.ಯ ಲೆಕ್ಕದಲ್ಲಿ ಬಂದ ಲಾಭ ಅದೊಂದೇ. ಅದಕ್ಕಿಂತ ಹೆಚ್ಚಿನದನ್ನು ನಾವು ಬೇಡಿರಲಿಲ್ಲ.

ಬಾಂಧವರೆ, ಎಲ್ಲರೂ ಗಾಡಿಗೆ ಹಲಗೆ ಹೊಡೆಸಿರೆಂದು ಹೇಳಲು ನಾವು ಬಂದಿಲ್ಲ. ಹೊಡೆಸುವವರಿದ್ದರೆ ನಮ್ಮ ಅನುಭವ ಇಷ್ಟು: ಕಾಯಿದೆ ನೋಡಿರಿ, ರಟ್ಟಿನಲ್ಲಿ ಅಳೆಯಿರಿ, ಕಾಟಾದಲ್ಲಿ ತೂಗಿರಿ, ಬಿಗಿಯದ ವಸ್ತುವನ್ನು ಒಯ್ಯಬೇಡಿರಿ. ಮತ್ತು ಏನನ್ನು ಇಡಬೇಕು ಎಂಬುದಕ್ಕಿಂತ ಯಾರಿಗಾಗಿ ಇಡಬೇಕು ಎಂಬುದನ್ನು ಮೊದಲು ಕೇಳಿಕೊಳ್ಳಿರಿ. ಗಾಡಿ ಇಲ್ಲದವರೂ ಒಮ್ಮೆ ಹಗಲಿನ ಬಸ್ಸಿನಲ್ಲಿ ಹೋಗಿರಿ. ಕಿತ್ತೂರಿನಲ್ಲೋ ಧಾರವಾಡದಲ್ಲೋ ಇಳಿದು, ಮಕ್ಕಳಿಗೆ ಒಂದು ಫಲಕ ಓದಿಸಿ, ಮುಂದಿನ ಬಸ್ಸು ಹಿಡಿಯಿರಿ. 1956ರ ನವೆಂಬರ್ 1ರಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡದ ಸೀಮೆಗಳು ಒಂದಾದವು. ಆ ಸೀಮೆಗಳನ್ನು ನಾವು ಪ್ರತಿ ರಜೆಯಲ್ಲೂ ಮುಸುಕು ಹೊದ್ದು ದಾಟುತ್ತಿದ್ದೇವೆ.

ಮುಂದಿನ ತಿಂಗಳು ಮತ್ತೆ ಊರಿಗೆ ಹೊರಡುವವರಿದ್ದೇವೆ. ಈ ಸಲ ನಿಲುಗಡೆಯ ಪಟ್ಟಿ ಬರೆದವರು ತಾಯಿಯವರೇ. ಅದರಲ್ಲಿ ಒಂಬತ್ತು ಹೆಸರುಗಳಿವೆ. ರಜೆ ಇರುವುದು ನಾಲ್ಕೇ ದಿನ. ನಮ್ಮ ಮ್ಯಾನೇಜರ ಸಾಹೇಬರು ಈ ಸಭೆಯಲ್ಲಿದ್ದಾರೆಂದು ಕೇಳಿದ್ದೇವೆ. ಅವರು ಈ ಮಾತನ್ನು ಸಹಾನುಭೂತಿಯಿಂದ ಪರಿಶೀಲಿಸುವರೆಂದು ನಂಬಿ, ನಮ್ಮ ಮಾತನ್ನು ಮುಗಿಸುತ್ತೇವೆ.